ಬೆರಳು ಪರೀಕ್ಷೆಯ ಬೆನ್ನಿಗೇ ರಕ್ತ ಕೊಟ್ಟರೆ: ಪ್ರಾಸ್ಟೇಟ್ ವರದಿಯ ಅಂಕಿ ಏರುವುದೆಷ್ಟು?

ಕಲಬುರಗಿ: ಐವತ್ತು ದಾಟಿದ ಪುರುಷರು ಮೂತ್ರದ ತೊಂದರೆಯೆಂದು ಆಸ್ಪತ್ರೆಗೆ ಹೋದಾಗ ವೈದ್ಯರು ಸಾಮಾನ್ಯವಾಗಿ ಎರಡು ಪರೀಕ್ಷೆಗಳನ್ನು ಸೂಚಿಸುತ್ತಾರೆ. ಒಂದು, ಕೈಗವಸು ಧರಿಸಿ ಗುದಮಾರ್ಗದ ಮೂಲಕ ಬೆರಳಿನಿಂದ ಪ್ರಾಸ್ಟೇಟ್ ಗ್ರಂಥಿಯನ್ನು ಮುಟ್ಟಿ ನೋಡುವುದು. ಇನ್ನೊಂದು, ಪಿಎಸ್‌ಎ ಎಂಬ ರಕ್ತಪರೀಕ್ಷೆ. ಎರಡೂ ಒಂದೇ ಗ್ರಂಥಿಗೆ ಸಂಬಂಧಿಸಿದವು. ಮೊದಲನೆಯದು ಎರಡನೆಯದರ ಫಲಿತಾಂಶವನ್ನು ಕೆಡಿಸುತ್ತದೆಯೇ ಎಂಬ ಪ್ರಶ್ನೆ ಮೂರು ದಶಕಗಳಿಗೂ ಹಿಂದಿನದು. ಉತ್ತರ ಬಹುಮಟ್ಟಿಗೆ ಸ್ಪಷ್ಟವಾಗಿದ್ದರೂ ಅದು ರೋಗಿಗಳವರೆಗೆ ತಲುಪಿರುವುದು ಕಡಿಮೆ.

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಮಟ್ಟಿಗೆ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ತಜ್ಞ ವೈದ್ಯರನ್ನು ಕಾಣಬೇಕಾದರೆ ಇಲ್ಲಿನವರು ಕಲಬುರಗಿಗೆ ಹೋಗಬೇಕು. ಆಳಂದ ಮತ್ತು ಜೇವರ್ಗಿಗಳಿಂದ ಜಿಲ್ಲಾ ಕೇಂದ್ರ ಸುಮಾರು 40 ಕಿ.ಮೀ. ದೂರದಲ್ಲಿದ್ದರೆ ಅಫಜಲಪುರದಿಂದ ಇನ್ನೂ ದೂರ. ಮಹಾರಾಷ್ಟ್ರದ ಅಕ್ಕಲಕೋಟೆಗೆ ಗಡಿ ಹಂಚಿಕೊಂಡಿರುವ ಆಳಂದ, ಅಫಜಲಪುರಗಳ ಜನರಿಗೆ ಸೊಲ್ಲಾಪುರದ ಆಸ್ಪತ್ರೆಗಳೂ ಪರಿಚಿತವೇ. ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು ಬಂದವನು ಎಲ್ಲ ಪರೀಕ್ಷೆಗಳನ್ನೂ ಅದೇ ದಿನ ಮುಗಿಸಿಕೊಂಡು ಊರಿಗೆ ಮರಳಲು ಬಯಸುವುದು ಸಹಜ. ಬೆರಳು ಪರೀಕ್ಷೆ, ಸ್ಕ್ಯಾನಿಂಗ್, ಅಗತ್ಯವಿದ್ದರೆ ಮೂತ್ರನಳಿಕೆ, ರಕ್ತ ಎಲ್ಲವೂ ಕೆಲವೇ ಗಂಟೆಗಳಲ್ಲಿ ಆಗಿಬಿಡುತ್ತವೆ. ಇವುಗಳಲ್ಲಿ ಯಾವುದು ಮೊದಲು ನಡೆಯಿತು ಎಂಬುದು ವರದಿಯಲ್ಲಿ ನಮೂದಾಗಿರುವುದಿಲ್ಲ. ಕಾಗದದ ಮೇಲೆ ಉಳಿಯುವುದು ಒಂದು ಅಂಕಿ ಮಾತ್ರ. ಆ ಅಂಕಿಯ ಆಧಾರದ ಮೇಲೆ ಬಯಾಪ್ಸಿ, ಮತ್ತೊಂದು ಪ್ರಯಾಣ, ಕೈಸಾಲ, ಮನೆಮಂದಿಯ ಆತಂಕ ಎಲ್ಲವೂ ಸರಣಿಯಾಗಿ ಬರುತ್ತವೆ.

ಪಿಎಸ್‌ಎ ಎಂದರೇನು?

ಪ್ರಾಸ್ಟೇಟ್, ಪುರುಷರಲ್ಲಿ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು, ಗುದನಾಳದ ಮುಂಭಾಗದಲ್ಲಿದೆ. ಯೌವನದಲ್ಲಿ ಅದರ ತೂಕ ಸುಮಾರು 20 ಗ್ರಾಂ. ಗಾತ್ರದಲ್ಲಿ ಬೆಟ್ಟದ ನೆಲ್ಲಿಕಾಯಿಯಷ್ಟು. ವಯಸ್ಸಾದಂತೆ ಅದು ಹಿಗ್ಗುತ್ತದೆ. ಈ ಹಿಗ್ಗುವಿಕೆ ಕ್ಯಾನ್ಸರ್ ಅಲ್ಲ, ಕ್ಯಾನ್ಸರ್‌ಗೆ ಮೆಟ್ಟಿಲೂ ಅಲ್ಲ. ಆದರೆ ನಡುವಿನ ಮೂತ್ರನಾಳವನ್ನು ಅದು ಅದುಮುವುದರಿಂದ ರಾತ್ರಿ ನಾಲ್ಕಾರು ಸಲ ಏಳುವುದು, ಮೂತ್ರದ ಧಾರೆ ಸಣ್ಣದಾಗುವುದು, ಕೊನೆಗೆ ಒಮ್ಮೊಮ್ಮೆ ಮೂತ್ರ ಪೂರ್ತಿ ಕಟ್ಟಿಕೊಳ್ಳುವುದು ಆರಂಭವಾಗುತ್ತದೆ.

ಈ ಗ್ರಂಥಿಯ ಕೋಶಗಳು ಸ್ರವಿಸುವ ಒಂದು ಪ್ರೋಟೀನೇ ಪಿಎಸ್‌ಎ. ಗಟ್ಟಿಯಾದ ವೀರ್ಯವನ್ನು ತೆಳುವಾಗಿಸುವುದು ಅದರ ಕೆಲಸ. ಅದರ ಜಾಗ ವೀರ್ಯವೇ ಹೊರತು ರಕ್ತವಲ್ಲ. ವೀರ್ಯದಲ್ಲಿ ಅದರ ಸಾಂದ್ರತೆ ರಕ್ತದಲ್ಲಿರುವುದಕ್ಕಿಂತ ಲಕ್ಷಾಂತರ ಪಟ್ಟು ಹೆಚ್ಚು. ಗ್ರಂಥಿಯ ನಾಳಗಳಿಗೂ ರಕ್ತನಾಳಗಳಿಗೂ ನಡುವೆ ಕೋಶಗಳ ಪದರಗಳ ಒಂದು ತಡೆಗೋಡೆ ಇದ್ದು, ಆರೋಗ್ಯವಂತರಲ್ಲಿ ಅತ್ಯಲ್ಪ ಪ್ರಮಾಣ ಮಾತ್ರ ಅದನ್ನು ದಾಟಿ ರಕ್ತ ಸೇರುತ್ತದೆ. ಈ ಅತ್ಯಲ್ಪವನ್ನೇ ಪ್ರಯೋಗಾಲಯವು ಒಂದು ಮಿಲಿಲೀಟರ್‌ಗೆ ಇಷ್ಟು ನ್ಯಾನೊಗ್ರಾಂ ಎಂದು ಅಳೆಯುತ್ತದೆ. ನ್ಯಾನೊಗ್ರಾಂ ಎಂದರೆ ಒಂದು ಗ್ರಾಂನ ನೂರು ಕೋಟಿಯಲ್ಲಿ ಒಂದು ಭಾಗ.

ಕ್ಯಾನ್ಸರ್ ಬಂದಾಗ ತಡೆಗೋಡೆ ಶಿಥಿಲವಾಗುತ್ತದೆ. ಪಿಎಸ್‌ಎ ರಕ್ತಕ್ಕೆ ಸೋರುತ್ತದೆ. ಆದರೆ ಗೋಡೆಯನ್ನು ಅಲುಗಿಸುವ ಶಕ್ತಿ ಕ್ಯಾನ್ಸರ್‌ಗೆ ಮಾತ್ರ ಇರುವುದಲ್ಲ. ಸೋಂಕು, ಊತ, ಒತ್ತಡ, ಸೂಜಿ, ನಳಿಕೆ ಇವೂ ಅದೇ ಕೆಲಸ ಮಾಡಬಲ್ಲವು. ಸೋರಿದ ಪಿಎಸ್‌ಎಯನ್ನು ಅಳೆಯುವ ಯಂತ್ರಕ್ಕೆ ಸೋರಿಕೆಯ ಕಾರಣ ತಿಳಿಯದು.

ಪ್ರಶ್ನೆ ಹುಟ್ಟಿದ ಬಗೆ

ಪಿಎಸ್‌ಎ ಬರುವುದಕ್ಕೆ ಮುಂಚೆ ಪ್ರಾಸ್ಟೇಟ್ ಕ್ಯಾನ್ಸರ್‌ನ ಗುರುತಿಗೆ ಆಸಿಡ್ ಫಾಸ್ಫಟೇಸ್ ಎಂಬ ಇನ್ನೊಂದು ರಕ್ತಪರೀಕ್ಷೆ ದಶಕಗಳ ಕಾಲ ಬಳಕೆಯಲ್ಲಿತ್ತು. ಗ್ರಂಥಿಯನ್ನು ಒತ್ತಿದ ಮೇಲೆ ರಕ್ತ ತೆಗೆಯಬಾರದೆಂಬ ಎಚ್ಚರಿಕೆ ಆ ಕಾಲದಿಂದಲೇ ಇದೆ. 1979ರಲ್ಲಿ ಅಮೆರಿಕದ ರಾಸ್‌ವೆಲ್ ಪಾರ್ಕ್ ಸಂಸ್ಥೆಯಲ್ಲಿ ವಾಂಗ್ ಮತ್ತು ಸಂಗಡಿಗರು ಪಿಎಸ್‌ಎಯನ್ನು ಪ್ರಾಸ್ಟೇಟ್ ಅಂಗಾಂಶದಿಂದ ಶುದ್ಧರೂಪದಲ್ಲಿ ಬೇರ್ಪಡಿಸಿದರು. 1986ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಈಗಾಗಲೇ ಕ್ಯಾನ್ಸರ್ ಪತ್ತೆಯಾದವರ ಚಿಕಿತ್ಸೆಯ ಮೇಲೆ ನಿಗಾ ಇಡಲು ಈ ಪರೀಕ್ಷೆಗೆ ಒಪ್ಪಿಗೆ ನೀಡಿತು. ರೋಗಪತ್ತೆಗೆ ಒಪ್ಪಿಗೆ ದೊರೆತದ್ದು 1994ರಲ್ಲಿ. ಅದೂ ಬೆರಳು ಪರೀಕ್ಷೆಯೊಂದಿಗೆ ಜೊತೆಯಾಗಿ. ಹೀಗೆ ಎರಡು ಪರೀಕ್ಷೆಗಳು ಜೋಡಿಯಾದ ಮೇಲೆ, ಒಂದರ ನೆರಳು ಇನ್ನೊಂದರ ಮೇಲೆ ಬೀಳುವುದೇ ಎಂಬುದು ಬರಿಯ ಪ್ರಯೋಗಾಲಯದ ಕುತೂಹಲವಾಗಿ ಉಳಿಯಲಿಲ್ಲ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೂತ್ರರೋಗ ತಜ್ಞ ಥಾಮಸ್ ಸ್ಟೇಮಿ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಗ್ರಂಥಿಯನ್ನು ಬೆರಳಿನಿಂದ ಬಲವಾಗಿ ತಿಕ್ಕಿ ಮಾಲೀಶು ಮಾಡಿದಾಗ ಪಿಎಸ್‌ಎ ಒಂದೂವರೆಯಿಂದ ಎರಡು ಪಟ್ಟಾಗುತ್ತದೆ ಎಂದು ಅವರು ಕಂಡುಕೊಂಡರು. ಸೂಜಿ ಬಯಾಪ್ಸಿ ಮತ್ತು ಮೂತ್ರನಾಳದ ಮೂಲಕ ಮಾಡುವ ಪ್ರಾಸ್ಟೇಟ್ ಶಸ್ತ್ರಕ್ರಿಯೆಯ ನಂತರದ ಏರಿಕೆ ಇದಕ್ಕಿಂತ ಎಷ್ಟೋ ಹೆಚ್ಚು, ಹತ್ತಾರು ಪಟ್ಟು.

ಇಲ್ಲಿಯೇ ಗೊಂದಲದ ಮೂಲವೂ ಇದೆ. ಮಾಲೀಶು ಬೇರೆ, ಮಾಮೂಲಿ ಬೆರಳು ಪರೀಕ್ಷೆ ಬೇರೆ. ಗ್ರಂಥಿಯ ಸ್ರಾವವನ್ನು ಹೊರತೆಗೆದು ಸೋಂಕು ಪರೀಕ್ಷಿಸುವ ಸಲುವಾಗಿ ನಿಮಿಷದವರೆಗೆ ಒತ್ತುವುದು ಮಾಲೀಶು. ಗ್ರಂಥಿ ಎಷ್ಟು ದೊಡ್ಡದಿದೆ, ಎಲ್ಲಾದರೂ ಗಂಟು ಸಿಗುತ್ತದೆಯೇ, ಒತ್ತಿದರೆ ನೋವಿದೆಯೇ ಎಂದು ಕೆಲವು ಸೆಕೆಂಡುಗಳಲ್ಲಿ ಮುಟ್ಟಿ ನೋಡುವುದು ಬೆರಳು ಪರೀಕ್ಷೆ. ಮೊದಲನೆಯದರ ಅಂಕಿಯನ್ನು ಎರಡನೆಯದಕ್ಕೂ ಅಂಟಿಸಿದ್ದರಿಂದ, ಬೆರಳು ತಾಗಿದರೆ ವರದಿ ಕೆಟ್ಟಿತೆಂಬ ಭಾವನೆ ವ್ಯಾಪಕವಾಯಿತು. 1992ರಲ್ಲಿ ಡೇವಿಡ್ ಕ್ರಾಫರ್ಡ್ ಮತ್ತು ಸಂಗಡಿಗರು 40 ವರ್ಷ ಮೇಲ್ಪಟ್ಟ 2,700ಕ್ಕೂ ಹೆಚ್ಚು ಪುರುಷರ ರಕ್ತವನ್ನು ಬೆರಳು ಪರೀಕ್ಷೆಯ ಮೊದಲೂ ನಂತರವೂ ತೆಗೆದು ಹೋಲಿಸಿದರು. ಹೆಚ್ಚಿನವರಲ್ಲಿ ವೈದ್ಯರ ತೀರ್ಮಾನವನ್ನು ಬದಲಿಸುವಷ್ಟು ಏರಿಕೆ ಕಂಡುಬರಲಿಲ್ಲ. ನಂತರದ ಅಧ್ಯಯನಗಳೂ ಬಹುಪಾಲು ಇದೇ ದಿಕ್ಕಿನಲ್ಲಿವೆ: ಏರಿಕೆ ಇದ್ದರೂ ಅದು ಸಾಮಾನ್ಯವಾಗಿ ದಶಾಂಶಗಳ ಲೆಕ್ಕ.

ಆದರೆ ದಶಾಂಶವೂ ಕೆಲವರಿಗೆ ದುಬಾರಿ. ನಿಜವಾದ ಮಟ್ಟ 3.8 ಇದ್ದವನ ವರದಿ 4.1 ಎಂದು ಬಂದರೆ, 4 ಎಂಬ ರೂಢಿಯ ಗೆರೆಯನ್ನು ಆತ ದಾಟಿದಂತೆ. ಹೀಗಾಗಿಯೇ ರಕ್ತ ಮೊದಲು, ಬೆರಳು ಆಮೇಲೆ ಎಂಬ ಕ್ರಮವನ್ನು ವೈದ್ಯರು ಅನುಸರಿಸುತ್ತಾರೆ. ಇದಕ್ಕೆ ಹಣವೂ ಬೇಡ, ಯಂತ್ರವೂ ಬೇಡ. ಈಗಾಗಲೇ ಬೆರಳು ಪರೀಕ್ಷೆ ಆಗಿದ್ದರೆ ಒಂದು ವಾರ ಬಿಟ್ಟು ರಕ್ತ ಕೊಡಬಹುದೆಂದು ಬ್ರಿಟನ್ನಿನ ಹಿಂದಿನ ಮಾರ್ಗಸೂಚಿ ಹೇಳುತ್ತಿತ್ತು. ಇದು ಮುನ್ನೆಚ್ಚರಿಕೆಯ ಮಾತು. ದೂರದ ಊರಿನವನನ್ನು ಈ ಒಂದೇ ಕಾರಣಕ್ಕೆ ವಾಪಸು ಕಳಿಸಬೇಕಾದ ಅಗತ್ಯ ಬಹಳ ಸಲ ಇರುವುದಿಲ್ಲ. ರಕ್ತ ತೆಗೆದು, ಬೆರಳು ಪರೀಕ್ಷೆ ಆಗಿದೆಯೆಂದು ಚೀಟಿಯಲ್ಲಿ ಬರೆದರೆ ಸಾಕು. ಫಲಿತಾಂಶ ಗೆರೆಯ ಆಸುಪಾಸಿನಲ್ಲಿದ್ದರೆ ಮಾತ್ರ ಮರುಪರೀಕ್ಷೆಯ ಮಾತು ಬರುತ್ತದೆ.

ಒಂದು ವಿನಾಯಿತಿಯನ್ನು ಇಲ್ಲಿ ಹೇಳಲೇಬೇಕು. ಒಟ್ಟು ಪಿಎಸ್‌ಎ ಜೊತೆಗೆ ಸ್ವತಂತ್ರ ಪಿಎಸ್‌ಎ, ಅಂದರೆ ಫ್ರೀ ಪಿಎಸ್‌ಎ ಎಂಬುದನ್ನೂ ಅಳೆದು ಎರಡರ ಅನುಪಾತ ನೋಡುವ ಕ್ರಮವಿದೆ. ಬೆರಳಿನ ಒತ್ತಡಕ್ಕೆ ಬೇಗ ಏರುವುದು ಈ ಸ್ವತಂತ್ರ ಭಾಗವೇ. ಅನುಪಾತ ಹೆಚ್ಚಿದಷ್ಟೂ ಕ್ಯಾನ್ಸರ್‌ನ ಶಂಕೆ ಕಡಿಮೆಯೆಂದು ಓದುವುದು ರೂಢಿ. ಆದ್ದರಿಂದ ಬೆರಳು ಪರೀಕ್ಷೆಯ ಬೆನ್ನಿಗೆ ತೆಗೆದ ರಕ್ತ ಈ ಪರೀಕ್ಷೆಯಲ್ಲಿ ಸುಳ್ಳು ಭಯಕ್ಕಿಂತ ಸುಳ್ಳು ಸಮಾಧಾನ ಕೊಡುವ ಸಾಧ್ಯತೆಯಿದೆ. ಫ್ರೀ ಪಿಎಸ್‌ಎ ಬರೆದಿದ್ದರೆ ಕ್ರಮವನ್ನು ತಪ್ಪಿಸದಿರುವುದೇ ಲೇಸು.

ನಳಿಕೆ, ಸೋಂಕು, ಮೂತ್ರ ಕಟ್ಟುವಿಕೆ

ಬೆರಳಿನ ಬಗ್ಗೆ ಇಷ್ಟೆಲ್ಲ ಚರ್ಚೆಯಾದರೂ, ಗ್ರಾಮೀಣ ರೋಗಿಗಳ ವರದಿಯನ್ನು ನಿಜವಾಗಿ ಏರಿಸುವ ಕಾರಣಗಳು ಬೇರೆಯೇ ಇವೆ. ತೊಂದರೆ ಆರಂಭವಾದೊಡನೆ ಆಸ್ಪತ್ರೆಗೆ ಹೋಗುವ ರೂಢಿ ನಮ್ಮಲ್ಲಿ ಕಡಿಮೆ. ವಯಸ್ಸಾದ ಮೇಲೆ ಇದು ಇದ್ದದ್ದೇ ಎಂದು ತಳ್ಳಿಹಾಕುವುದೂ, ಹೇಳಿಕೊಳ್ಳಲು ನಾಚುವುದೂ ಸಾಮಾನ್ಯ. ಕೊನೆಗೊಂದು ರಾತ್ರಿ ಮೂತ್ರ ಪೂರ್ತಿ ಕಟ್ಟಿ, ಕಿಬ್ಬೊಟ್ಟೆ ಉಬ್ಬಿ, ನೋವು ತಾಳಲಾರದೆ ತಾಲೂಕು ಆಸ್ಪತ್ರೆಗೆ ಬಂದಾಗ ಅಲ್ಲಿ ಮಾಡಬೇಕಾದ ಮೊದಲ ಕೆಲಸ ಕ್ಯಾಥೆಟರ್ ಹಾಕಿ ಮೂತ್ರ ಹೊರತೆಗೆಯುವುದು. ಜೀವ ಉಳಿಸುವ ಕೆಲಸವದು, ತಡಮಾಡುವಂತಿಲ್ಲ. ಆದರೆ ಮೂತ್ರ ಕಟ್ಟಿಕೊಂಡ ಒತ್ತಡ, ಆಮೇಲೆ ಒಳಹೋದ ನಳಿಕೆ ಎರಡೂ ಪಿಎಸ್‌ಎಯನ್ನು ಬೆರಳಿಗಿಂತ ಎಷ್ಟೋ ಹೆಚ್ಚು ಏರಿಸುತ್ತವೆ. ಅದೇ ದಿನ ಅಥವಾ ಮರುದಿನ ಕೊಟ್ಟ ರಕ್ತದಲ್ಲಿ 15, 20 ಎಂಬ ಅಂಕಿ ಬಂದರೆ ಅದರಿಂದ ಕ್ಯಾನ್ಸರ್ ಇದೆಯೆಂದೂ ಇಲ್ಲವೆಂದೂ ತೀರ್ಮಾನಿಸಲಾಗದು.

ಇಂಥ ಏರಿಕೆ ಇಳಿಯಲು ಎಷ್ಟು ದಿನ ಬೇಕು? ರಕ್ತ ಸೇರಿದ ಪಿಎಸ್‌ಎ ಎರಡರಿಂದ ಮೂರು ದಿನಗಳಲ್ಲಿ ಅರ್ಧಕ್ಕಿಳಿಯುತ್ತದೆ. ಮೂಲ ಮಟ್ಟ 2 ಇದ್ದವನಲ್ಲಿ ಯಾವುದೋ ಕಾರಣದಿಂದ ಅದು 18ಕ್ಕೆ ಏರಿತೆನ್ನೋಣ. ಹೆಚ್ಚುವರಿ 16, ಮೂರು ದಿನಕ್ಕೆ 8 ಆಗುತ್ತದೆ. ಆರು ದಿನಕ್ಕೆ 4, ಒಂಬತ್ತು ದಿನಕ್ಕೆ 2, ಹನ್ನೆರಡು ದಿನಕ್ಕೆ 1. ಅಂದರೆ ಎರಡು ವಾರದ ಹತ್ತಿರವೂ ಮೂಲ ಮಟ್ಟ ಪೂರ್ತಿ ಮರಳಿರುವುದಿಲ್ಲ. ಇದು ಸೋರಿಕೆ ಒಂದೇ ಸಲ ಆಗಿ ನಿಂತುಹೋದಾಗಿನ ಲೆಕ್ಕ. ಸೋಂಕಿದ್ದರೆ ಸೋರಿಕೆ ನಿಲ್ಲುವುದೇ ಇಲ್ಲ. ಪ್ರತಿಜೀವಕ ಔಷಧಿಯಿಂದ ಜ್ವರ, ಉರಿ ಕಡಿಮೆಯಾದ ಮೇಲೂ ಗ್ರಂಥಿಯ ಊತ ನಿಧಾನವಾಗಿ ಇಳಿಯುತ್ತದೆ. ಮೂತ್ರದ ಸೋಂಕಿನ ನಂತರ ಮತ್ತು ಬಯಾಪ್ಸಿಯ ನಂತರ ಆರು ವಾರ ಕಾಯಬೇಕೆಂಬ ಬ್ರಿಟನ್ನಿನ ಮಾರ್ಗಸೂಚಿಗೆ ಇದೇ ಕಾರಣ. ಉರಿಮೂತ್ರವಿದ್ದಾಗ ಪಿಎಸ್‌ಎಗೆ ರಕ್ತ ಕೊಡುವುದು ದುಡ್ಡು ಕೊಟ್ಟು ಗಾಬರಿ ಕೊಂಡಂತೆ. ಮೊದಲು ಸಾದಾ ಮೂತ್ರಪರೀಕ್ಷೆ ಮಾಡಿಸಿ ಸೋಂಕಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಅಗ್ಗವೂ ಹೌದು, ತಾಲೂಕು ಮಟ್ಟದಲ್ಲೇ ಆಗುವಂಥದ್ದೂ ಹೌದು.

ಉಳಿದ ಕಾರಣಗಳು ಸಣ್ಣವು. ವೀರ್ಯಸ್ಖಲನದ ನಂತರ ಒಂದೆರಡು ದಿನ ಪಿಎಸ್‌ಎ ತುಸು ಏರಿರಬಹುದಾದ್ದರಿಂದ 48 ಗಂಟೆಗಳ ಅಂತರ ಬೇಕೆನ್ನುತ್ತಾರೆ. ಈ ಪ್ರಶ್ನೆಯನ್ನು ಅರವತ್ತರ ಹಿರಿಯರಿಗೆ ಮಗನ ಎದುರಲ್ಲಿ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲವೆಂಬುದನ್ನು ಪ್ರಯೋಗಾಲಯದವರು ಗಮನಿಸಬೇಕು. ದೂರದ ಸೈಕಲ್ ಸವಾರಿಯ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಆದರೂ ಎರಡು ದಿನ ಬಿಡುವುದು ವಾಡಿಕೆ.

ಅಂಕಿಯನ್ನು ಇಳಿಸುವ ಮಾತ್ರೆ

ಏರಿದ ವರದಿ ಹೆದರಿಸುತ್ತದೆ. ಇಳಿದ ವರದಿ ಮೋಸಗೊಳಿಸುತ್ತದೆ. ಪ್ರಾಸ್ಟೇಟ್ ಹಿಗ್ಗಿದವರಿಗೆ ಬರೆಯುವ ಫಿನಾಸ್ಟರೈಡ್, ಡುಟಾಸ್ಟರೈಡ್ ಮಾತ್ರೆಗಳನ್ನು ಆರು ತಿಂಗಳಿಂದ ಒಂದು ವರ್ಷ ಸೇವಿಸಿದವರಲ್ಲಿ ಪಿಎಸ್‌ಎ ಸುಮಾರು ಅರ್ಧಕ್ಕಿಳಿಯುತ್ತದೆ. ಇಂಥವರ ವರದಿಯಲ್ಲಿ 3 ಎಂದಿದ್ದರೆ ಅದನ್ನು 6 ಎಂದೇ ಓದಬೇಕು. ಕೂದಲು ಉದುರುವುದಕ್ಕೆಂದು ಕಡಿಮೆ ಪ್ರಮಾಣದ ಫಿನಾಸ್ಟರೈಡ್ ಸೇವಿಸುವ ನಗರದ ಯುವಕರಿಗೂ ಇದು ಅನ್ವಯಿಸುತ್ತದೆ. ಹಿಗ್ಗಿದ ಪ್ರಾಸ್ಟೇಟ್‌ಗೇ ಕೊಡುವ ಟ್ಯಾಮ್ಸುಲೋಸಿನ್‌ಗೆ ಈ ಗುಣವಿಲ್ಲ. ಆದರೆ ಟ್ಯಾಮ್ಸುಲೋಸಿನ್ ಮತ್ತು ಡುಟಾಸ್ಟರೈಡ್ ಎರಡನ್ನೂ ಸೇರಿಸಿದ ಮಾತ್ರೆಗಳು ಔಷಧಿ ಅಂಗಡಿಗಳಲ್ಲಿ ಸಾಮಾನ್ಯ. ಮಾತ್ರೆಯ ಹೆಸರು ನೆನಪಿಲ್ಲದವರು ಖಾಲಿ ಪಟ್ಟಿಯನ್ನೇ ಜೇಬಿನಲ್ಲಿಟ್ಟುಕೊಂಡು ಹೋಗುವುದು ಕ್ಷೇಮ. ಕೂದಲು, ಉಗುರುಗಳಿಗೆಂದು ಸೇವಿಸುವ ಬಯೋಟಿನ್ ಹೆಚ್ಚಿನ ಪ್ರಮಾಣದಲ್ಲಿದ್ದರೆ ಕೆಲವು ಬಗೆಯ ಯಂತ್ರಗಳಲ್ಲಿ ಪಿಎಸ್‌ಎ ಕಡಿಮೆ ತೋರಬಹುದು.

ಮಾದರಿಯ ಪ್ರಯಾಣ

ರಕ್ತ ತೆಗೆದ ಊರಿಗೂ ಅದನ್ನು ಅಳೆಯುವ ಊರಿಗೂ ಅಂತರವಿದ್ದಾಗ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಒಟ್ಟು ಪಿಎಸ್‌ಎ ಸಾಕಷ್ಟು ಗಟ್ಟಿ. ಕೆಲವು ಗಂಟೆಗಳ ಪ್ರಯಾಣವನ್ನು ತಾಳಿಕೊಳ್ಳುತ್ತದೆ. ಫ್ರೀ ಪಿಎಸ್‌ಎ ಹಾಗಲ್ಲ. ರಕ್ತ ತೆಗೆದ ಮೂರು ಗಂಟೆಯೊಳಗೆ ಸೀರಮ್ಮನ್ನು ಬೇರ್ಪಡಿಸಿ ತಂಪಿನಲ್ಲಿ ಇಡದಿದ್ದರೆ ಅದು ಕರಗುತ್ತ ಹೋಗಿ, ಅನುಪಾತ ಇಳಿದು, ಇಲ್ಲದ ಶಂಕೆಯನ್ನು ಹುಟ್ಟಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ಜಿಲ್ಲೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆ. ತಾಲೂಕು ಕೇಂದ್ರದಲ್ಲಿ ರಕ್ತ ತೆಗೆದು ಬೇರೆ ನಗರಕ್ಕೆ ಕಳಿಸುವುದಾದರೆ ಐಸ್ ಪೆಟ್ಟಿಗೆಯಿದೆಯೇ ಎಂದು ಕೇಳುವ ಹಕ್ಕು ಹಣ ಕೊಡುವವನಿಗಿದೆ.

ಯಂತ್ರದಿಂದ ಯಂತ್ರಕ್ಕೂ ವ್ಯತ್ಯಾಸವಿದೆ. ಹೈಬ್ರಿಟೆಕ್ ಎಂಬ ಹಳೆಯ ಅಳತೆಗೂ, ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡಕ್ಕೆ ಹೊಂದಿಸಿದ ಅಳತೆಗೂ ಶೇ 20ರ ಆಸುಪಾಸು ಅಂತರ ಬರುತ್ತದೆ. ಹೋದ ವರ್ಷ ಸೊಲ್ಲಾಪುರದಲ್ಲಿ 3.5, ಈ ವರ್ಷ ಕಲಬುರಗಿಯಲ್ಲಿ 4.2 ಎಂದಾದರೆ ಅದನ್ನು ಏರಿಕೆಯೆಂದು ಹೇಳಲು ಆಧಾರ ಸಾಲದು. ಒಂದೇ ಪ್ರಯೋಗಾಲಯಕ್ಕೆ ಅಂಟಿಕೊಳ್ಳುವುದು ಜಾಣತನ.

ನಾಲ್ಕು ಎಂಬ ಗೆರೆ

ಅಷ್ಟಕ್ಕೂ 4 ಎಂಬ ಗೆರೆಯೇ ಶಾಸನವಲ್ಲ. 2004ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಏಳು ವರ್ಷ ಕಾಲ ಪಿಎಸ್‌ಎ 4 ದಾಟದ, ಬೆರಳು ಪರೀಕ್ಷೆಯಲ್ಲೂ ದೋಷ ಕಾಣದ 2,950 ಪುರುಷರಿಗೆ ಬಯಾಪ್ಸಿ ಮಾಡಿದಾಗ ಶೇ 15.2ರಷ್ಟು ಮಂದಿಯಲ್ಲಿ ಕ್ಯಾನ್ಸರ್ ಕಂಡಿತು. ಇತ್ತ 4ರಿಂದ 10ರ ನಡುವೆ ಬಂದವರಲ್ಲಿ ಬಯಾಪ್ಸಿಯಿಂದ ಕ್ಯಾನ್ಸರ್ ದೃಢಪಡುವುದು ಸುಮಾರು ನಾಲ್ವರಲ್ಲಿ ಒಬ್ಬರಿಗೆ. ಒಮ್ಮೆ ಏರಿದ್ದು ಮತ್ತೆ ತಾನಾಗಿ ಇಳಿಯುವುದೂ ಉಂಟು. 2003ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, 4 ದಾಟಿದವರ ಪೈಕಿ ಶೇ 44ರಷ್ಟು ಮಂದಿಯ ನಂತರದ ವರದಿಗಳಲ್ಲಿ ಅಂಕಿ ಮತ್ತೆ ಗೆರೆಯೊಳಗೆ ಬಂದಿತ್ತು. ಗೆರೆಯಂಚಿನ ಒಂದೇ ವರದಿ ಹಿಡಿದು ಬಯಾಪ್ಸಿಗೆ ಹೋಗುವ ಮುನ್ನ ಆರೆಂಟು ವಾರ ಬಿಟ್ಟು ಮತ್ತೊಮ್ಮೆ ರಕ್ತ ಕೊಡುವುದಕ್ಕೆ ಇದೇ ಸಮರ್ಥನೆ.

ಇದರ ಇನ್ನೊಂದು ಮಗ್ಗುಲು ಹೆಚ್ಚು ಅಪಾಯಕಾರಿ. ಬೆರಳು ಹಾಕಿದ್ದರಿಂದ ಏರಿದೆ ಬಿಡಿ ಎಂಬ ಸಮಾಧಾನದ ಮಾತಿನಿಂದ 12, 30, 80 ಎಂಬಂಥ ಅಂಕಿಗಳನ್ನು ಬದಿಗೆ ಸರಿಸುವಂತಿಲ್ಲ. ಮಾಮೂಲಿ ಬೆರಳು ಪರೀಕ್ಷೆಗೆ ಅಷ್ಟು ಏರಿಸುವ ಶಕ್ತಿಯೇ ಇಲ್ಲ. ಬೆನ್ನು, ಸೊಂಟದ ಮೂಳೆಗಳಲ್ಲಿ ಎಡೆಬಿಡದ ನೋವಿದ್ದು ಪಿಎಸ್‌ಎಯೂ ಬಹಳ ಹೆಚ್ಚಿದ್ದರೆ ಆರು ವಾರ ಕಾಯುವ ನಿಯಮವೂ ಅಲ್ಲಿ ಅನ್ವಯಿಸದು. ಹಾಗೆಯೇ, ವರದಿ ಕೆಡುತ್ತದೆಂಬ ಭಯದಿಂದ ಬೆರಳು ಪರೀಕ್ಷೆಯನ್ನೇ ಬಿಡುವುದೂ ಸಲ್ಲದು. ಅಮೆರಿಕದ ಮಾಜಿ ಅಧ್ಯಕ್ಷ ಜೋ ಬೈಡನ್ ಅವರಿಗೆ 2025ರ ಮೇ ತಿಂಗಳಲ್ಲಿ ದೈಹಿಕ ತಪಾಸಣೆಯ ವೇಳೆ ಪ್ರಾಸ್ಟೇಟ್‌ನಲ್ಲಿ ಗಂಟು ಪತ್ತೆಯಾಗಿ, ಅದು ಮೂಳೆಗೂ ಹರಡಿದ ಕ್ಯಾನ್ಸರ್ ಎಂದು ದೃಢಪಟ್ಟಿತು. ಅವರು ಕೊನೆಯ ಬಾರಿ ಪಿಎಸ್‌ಎ ಮಾಡಿಸಿದ್ದು 2014ರಲ್ಲಿ ಎಂದು ಅವರ ಕಚೇರಿ ತಿಳಿಸಿತ್ತು.

ಲಕ್ಷಣವಿಲ್ಲದವರೂ ಪರೀಕ್ಷೆ ಮಾಡಿಸಬೇಕೇ ಎಂಬುದು ಬೇರೆಯೇ ಚರ್ಚೆ. ಅಮೆರಿಕದ ತಡೆ ಆರೋಗ್ಯ ಕಾರ್ಯಪಡೆ 2018ರಲ್ಲಿ 55ರಿಂದ 69 ವಯಸ್ಸಿನವರು ವೈದ್ಯರೊಡನೆ ಮಾತಾಡಿ ಸ್ವತಃ ನಿರ್ಧರಿಸಲಿ ಎಂದೂ, 70 ದಾಟಿದವರಿಗೆ ಬೇಡವೆಂದೂ ಹೇಳಿತು. ಭಾರತದ ಸಾರ್ವಜನಿಕ ತಪಾಸಣಾ ಕಾರ್ಯಕ್ರಮದಲ್ಲಿ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳಿವೆ; ಪ್ರಾಸ್ಟೇಟ್ ಇಲ್ಲ. ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ಬಂದು ಕೇಳುವ ಪ್ರಶ್ನೆಗಳಲ್ಲಿ ಇದು ಸೇರುವುದಿಲ್ಲವಾದ್ದರಿಂದ ಪುರುಷರು ತಾವಾಗಿಯೇ ಬಾಯಿಬಿಡಬೇಕಾಗಿದೆ.

ಮೂರೂ ತಾಲೂಕುಗಳಲ್ಲಿ ಸರ್ಕಾರಿ ಸಾರ್ವಜನಿಕ ಆಸ್ಪತ್ರೆಗಳಿವೆ. ಹೆಚ್ಚಿನ ತಪಾಸಣೆಗೆ ಕಲಬುರಗಿಯಲ್ಲಿ ಗುಲಬರ್ಗಾ ವೈದ್ಯಕೀಯ ವಿಜ್ಞಾನ ಸಂಸ್ಥೆಯ (ಜಿಮ್ಸ್) ಆಸ್ಪತ್ರೆಯಿದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಪ್ರಾದೇಶಿಕ ಕೇಂದ್ರವೂ ಅಲ್ಲಿದೆ. ಪಡಿತರ ಚೀಟಿಯ ಆಧಾರದಲ್ಲಿ ಅರ್ಹರಾದ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದ್ದು, ಕ್ಯಾನ್ಸರ್ ಚಿಕಿತ್ಸೆಯೂ ಅದರಲ್ಲಿ ಸೇರಿದೆ. ತಾಲೂಕು ಆಸ್ಪತ್ರೆಯಿಂದ ಹೋಗುವಾಗ ಹಿಂದಿನ ವರದಿಗಳನ್ನು ಒಯ್ಯಬೇಕು. ಅವುಗಳ ಹಿಂಬದಿಯಲ್ಲಿ ರಕ್ತ ತೆಗೆದ ದಿನಾಂಕ, ನಳಿಕೆ ಹಾಕಿದ್ದರೆ ಆ ದಿನಾಂಕ, ಸೋಂಕಿಗೆ ಔಷಧಿ ಮುಗಿದ ದಿನ, ನುಂಗುತ್ತಿರುವ ಮಾತ್ರೆಯ ಹೆಸರು ಮತ್ತು ಬೆರಳು ಪರೀಕ್ಷೆ ರಕ್ತಕ್ಕೆ ಮೊದಲೋ ನಂತರವೋ ಎಂಬುದನ್ನು ಯಾರಿಂದಲಾದರೂ ಬರೆಸಿಕೊಂಡರೆ, ಕಲಬುರಗಿಯ ವೈದ್ಯರು ಮತ್ತೆ ಮೊದಲಿನಿಂದ ಆರಂಭಿಸಬೇಕಾಗುವುದಿಲ್ಲ.